ನಾಲ್ಕು ಸಾಲಿನ ಜವಾಬ್ದಾರಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಪುಸ್ತಕ ಸಾರಾಂಶ ಬರೆಯುವ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣದ ಪಠ್ಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ದಾನಿಗಳು ಹಾಗೂ ಫಲಾನುಭವಿ ಕುಟುಂಬಗಳ ಮಾಹಿತಿಗಾಗಿ ಈ ವರದಿಯಲ್ಲಿ ಸೇರಿಸಲಾಗಿದೆ.)

 

ವೇದಿಕೆಯ ಮೇಲಿರುವ ಹಿರಿಯರೇ, ಪ್ರತಿ ವರ್ಷ ತಪ್ಪದೆ ಕೈ ಹಿಡಿಯುವ ದಾನಿಗಳೇ, ಬೆಳಗಿನ ಬಸ್ಸು ಹಿಡಿದು ಬಂದಿರುವ ತಂದೆ ತಾಯಂದಿರೇ, ವಿದ್ಯಾರ್ಥಿವೇತನ ಪಡೆದಿರುವ ನಮ್ಮ ತಮ್ಮ ತಂಗಿಯರೇ,

ನ್ಯಾಮತಿಯವರು ಮತ್ತು ಜಗಳೂರಿನವರು ಒಂದೇ ಚಾಪೆಯ ಮೇಲೆ ಕೂರುವುದು ವರ್ಷಕ್ಕೊಮ್ಮೆ ಇಂಥ ಸಭೆಯಲ್ಲಿ ಮಾತ್ರ. ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕಾದರೆ ಅರ್ಧ ದಿನ ಹೋಗುತ್ತದೆ. ಹೀಗೆ ಬಂದವರ ಸಮಯ ಬೆಲೆಯುಳ್ಳದ್ದು. ಆದ್ದರಿಂದ ನಾವು ಲೆಕ್ಕಪತ್ರದ ವಿಷಯಕ್ಕೆ ಹೋಗದೆ, ನಮ್ಮ ಸಣ್ಣ ಗುಂಪು ಮಾಡುತ್ತಿರುವ ಒಂದು ಕೆಲಸದ ಬಗ್ಗೆ ಮಾತ್ರ ಹೇಳಿ ಕೂರುತ್ತೇವೆ. ಕೆಲಸ ಏನೆಂದರೆ, ಕಣ್ಣು ಕಾಣದವರು ಬಳಸುವ ಡಿಜಿಟಲ್ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಸಾರಾಂಶ ಬರೆದುಕೊಡುವುದು.

"ಇದೂ ಒಂದು ಸೇವೆಯೇ? ನಾಲ್ಕು ಸಾಲು ಬರೆಯುವುದರಿಂದ ಯಾರ ಹೊಟ್ಟೆ ತುಂಬುತ್ತದೆ?" ಎಂದು ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪಿಲ್ಲ. ಶುಲ್ಕ ಕಟ್ಟಲಾಗದ ಮಗುವಿಗೆ ಶುಲ್ಕ ಕಟ್ಟಿದರೆ ರಸೀದಿ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ. ನಮ್ಮ ಕೆಲಸಕ್ಕೆ ರಸೀದಿ ಇಲ್ಲ. ಅವರ ಪ್ರಶ್ನೆಗೆ ಅಂದು ನಮ್ಮಲ್ಲಿ ಸರಿಯಾದ ಉತ್ತರವೂ ಇರಲಿಲ್ಲ. ಈ ವರ್ಷ ನಾವು ಮಾಡಿದ ಒಂದು ತಪ್ಪು ಆ ಉತ್ತರವನ್ನು ಕಲಿಸಿತು. ಅದನ್ನು ನಿಮ್ಮ ಮುಂದೆ ಮುಚ್ಚಿಡದೆ ಹೇಳುತ್ತೇವೆ. ಅದಕ್ಕೂ ಮೊದಲು ಕೆಲಸದ ಹಿನ್ನೆಲೆ ಸ್ವಲ್ಪ ತಿಳಿಯಬೇಕು.

ತಾಯಂದಿರಿಗೆ ಒಂದು ಪ್ರಶ್ನೆ. ದಾವಣಗೆರೆಗೆ ಸೀರೆ ತರಲು ಹೋದಾಗ ಸೆರಗು ಬಿಡಿಸಿ ನೋಡದೆ, ಬಟ್ಟೆ ಮುಟ್ಟಿ ನೋಡದೆ, ಬರೀ ಸೀರೆಯ ಹೆಸರು ಕೇಳಿ ದುಡ್ಡು ಕೊಟ್ಟು ಬರುತ್ತೀರಾ? ಪುಸ್ತಕವೂ ಹಾಗೆಯೇ. ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಕಣ್ಣು ಕಾಣುವವರು ಪುಸ್ತಕ ತೆಗೆದುಕೊಂಡರೆ ಮುಖಪುಟ ನೋಡುತ್ತಾರೆ, ತಿರುಗಿಸಿ ಹಿಂಬದಿ ರಟ್ಟಿನ ಮೇಲಿರುವುದನ್ನು ಓದುತ್ತಾರೆ, ಪರಿವಿಡಿಯ ಮೇಲೆ ಕಣ್ಣಾಡಿಸುತ್ತಾರೆ, ನಡುವೆ ಒಂದು ಪುಟ ತೆರೆದು ನಮಗೆ ಅರ್ಥವಾಗುವ ಭಾಷೆಯೇ ಎಂದು ನೋಡುತ್ತಾರೆ. ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಕಣ್ಣು ಕಾಣದವರು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಪುಸ್ತಕ ಹುಡುಕಿದಾಗ ಅವರಿಗೆ ಕೇಳಿಸುವುದು ಪುಸ್ತಕದ ಹೆಸರು, ಬರೆದವರ ಹೆಸರು, ಅಷ್ಟೇ. ಸಾರಾಂಶ ಇದ್ದರೆ ಅದೂ ಕೇಳಿಸುತ್ತದೆ. ಮುಖಪುಟ, ಹಿಂಬದಿ ರಟ್ಟು, ಪರಿವಿಡಿಯ ಮೇಲಿನ ಕಣ್ಣೋಟ, ಇವೆಲ್ಲದರ ಜಾಗದಲ್ಲಿ ಅವರಿಗೆ ಇರುವುದು ಆ ನಾಲ್ಕು ಸಾಲು ಮಾತ್ರ.

ಇಂಥ ಗ್ರಂಥಾಲಯಗಳು ಸುಮ್ಮನೆ ಹುಟ್ಟಿದವಲ್ಲ. ಬ್ರೈಲ್ ಲಿಪಿಯಲ್ಲಿ ಕನ್ನಡ ಪುಸ್ತಕಗಳು ಹಿಂದಿನಿಂದಲೂ ಇವೆ. ಆದರೆ ಒಂದು ದಪ್ಪ ಕಾದಂಬರಿಯನ್ನು ಬ್ರೈಲ್‌ನಲ್ಲಿ ಮುದ್ರಿಸಿದರೆ ಅದು ಹಲವು ದೊಡ್ಡ ಸಂಪುಟಗಳಾಗುತ್ತದೆ. ಹಳ್ಳಿಯ ಮನೆಯಲ್ಲಿ ಇಡಲು ಜಾಗವಿಲ್ಲ, ಬಸ್ಸಿನಲ್ಲಿ ತರಲು ಆಗುವುದಿಲ್ಲ. ಆಮೇಲೆ ಕ್ಯಾಸೆಟ್ ಬಂತು. ಬೆಂಗಳೂರಿನಲ್ಲಿ, ಸ್ವತಃ ದೃಷ್ಟಿ ಇಲ್ಲದ ಮಧು ಸಿಂಘಾಲ್ ಅವರು 1990ರಲ್ಲಿ ಆರಂಭಿಸಿದ ಮಿತ್ರಜ್ಯೋತಿ ಸಂಸ್ಥೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುವ ಕೆಲಸ ಮಾಡುತ್ತಾ ಬಂದಿದೆ. ಅಮೆರಿಕದಲ್ಲಿ ಬೆನೆಟೆಕ್ ಎಂಬ ಸಂಸ್ಥೆ 2002ರಲ್ಲಿ ಬುಕ್‌ಶೇರ್ ಎಂಬ ಡಿಜಿಟಲ್ ಗ್ರಂಥಾಲಯ ತೆರೆಯಿತು. ಅಲ್ಲಿ ಸ್ವಯಂಸೇವಕರು ಮನೆಯಲ್ಲೇ ಕುಳಿತು ಪುಸ್ತಕ ಸ್ಕ್ಯಾನ್ ಮಾಡಿದರು, ತಪ್ಪು ತಿದ್ದಿದರು, ಪ್ರತಿ ಪುಸ್ತಕಕ್ಕೂ ಒಂದು ಚಿಕ್ಕ ಸಾರಾಂಶ, ಒಂದು ದೊಡ್ಡ ಸಾರಾಂಶ ಬರೆದರು. ಸಾರಾಂಶ ಬರೆಯುವುದೇ ಒಂದು ಸೇವೆ ಎಂಬ ಮಾದರಿ ನಮಗೆ ಸಿಕ್ಕಿದ್ದು ಅಲ್ಲಿಂದ.

ನಮ್ಮ ದೇಶದಲ್ಲಿ ದೊಡ್ಡ ಅಡ್ಡಿ ಇದ್ದದ್ದು ಕಾನೂನಿನಲ್ಲಿ. ಲೇಖಕರ, ಪ್ರಕಾಶಕರ ಅನುಮತಿ ಇಲ್ಲದೆ ಪುಸ್ತಕವನ್ನು ಬೇರೆ ರೂಪಕ್ಕೆ ತರುವಂತಿರಲಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಮುದ್ರಿತ ಪುಸ್ತಕ ಓದಲಾಗದವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತರಲು ದಾರಿಯಾಯಿತು. 2013ರ ಜೂನ್‌ನಲ್ಲಿ ಮೊರಾಕ್ಕೊ ದೇಶದ ಮರಕೇಶ್ ನಗರದಲ್ಲಿ ಇದೇ ವಿಷಯಕ್ಕೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ, ಡೈಸಿ ಫೋರಂ ಆಫ್ ಇಂಡಿಯಾ ಮತ್ತು ಟಿಸಿಎಸ್ ಸಂಸ್ಥೆಯ ಸಹಯೋಗದಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ಹಲವು ಭಾರತೀಯ ಭಾಷೆಗಳ ಪುಸ್ತಕಗಳು ಅಲ್ಲಿವೆ. ದೃಷ್ಟಿ ಪೂರ್ತಿ ಇಲ್ಲದವರಿಗೆ ಮಾತ್ರವಲ್ಲ, ಮಂದದೃಷ್ಟಿಯವರಿಗೆ, ಕೈಯಲ್ಲಿ ಪುಸ್ತಕ ಹಿಡಿಯಲಾಗದವರಿಗೆ, ಅಕ್ಷರ ಗುರುತಿಸುವಲ್ಲಿ ತೊಂದರೆ ಇರುವ ಮಕ್ಕಳಿಗೂ ಇಂಥ ಪುಸ್ತಕಗಳು ಉಪಯೋಗಕ್ಕೆ ಬರುತ್ತವೆ.

ಕಾನೂನು ಬಂತು, ಗ್ರಂಥಾಲಯ ಬಂತು. ಪುಸ್ತಕ ಓದಿ ಹೇಳುವ ತಂತ್ರಾಂಶವೂ ಬಂತು. ಆಸ್ಟ್ರೇಲಿಯಾದ ಅಂಧ ಯುವಕರಿಬ್ಬರ ದುಡಿಮೆಯಿಂದ 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇಂದು ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಕನ್ನಡ ಪುಸ್ತಕ ಅದರ ಬಾಯಿಗೆ ಬರಬೇಕಾದರೆ ಯಾರಾದರೂ ಕುಳಿತು ದುಡಿಯಲೇಬೇಕು. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಫೋಟೋದಲ್ಲಿರುವ ರೊಟ್ಟಿಯಂತೆ, ತಿನ್ನಲಾಗದು. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ನಮ್ಮ ಒತ್ತಕ್ಷರಗಳಲ್ಲಿ ಎಡವುತ್ತದೆ. ಪ, ಫ, ಷ, ವ ಅಕ್ಷರಗಳನ್ನು ಒಂದಕ್ಕೊಂದು ಬದಲಿಸಿಬಿಡುತ್ತದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಯೂನಿಕೋಡ್‌ಗೆ ಬದಲಿಸದೆ ಕೊಟ್ಟರೆ ಸ್ಕ್ರೀನ್ ರೀಡರ್ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳನ್ನು ಗೊಂದಲವಾಗಿ ಉಸುರುತ್ತದೆ. ಅದನ್ನೆಲ್ಲ ತಿದ್ದುವವರು ಬೇರೆ ಇದ್ದಾರೆ, ಅವರ ಕೆಲಸ ನಮ್ಮದಕ್ಕಿಂತ ಕಷ್ಟದ್ದು. ನಮ್ಮ ಪಾಲಿಗೆ ಬಂದಿದ್ದು ಸಾರಾಂಶ.

ನಮ್ಮ ಗುಂಪಿನಲ್ಲಿರುವವರು ಯಾರು? ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಹಗಲೆಲ್ಲ ಕೂಲಿಗೆ ಹೋಗಿ ರಾತ್ರಿ ಪುಸ್ತಕ ಹಿಡಿಯುವ ಒಬ್ಬ ಪದವಿ ವಿದ್ಯಾರ್ಥಿನಿ. ಹೊನ್ನಾಳಿಯ ಒಬ್ಬ ನಿವೃತ್ತ ಮೇಷ್ಟ್ರು. ನ್ಯಾಮತಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಮೊಬೈಲಿನಲ್ಲಿ ಬೆರಳಚ್ಚು ಮಾಡುವ ಇಬ್ಬರು ತಾಯಂದಿರು. ಜಗಳೂರಿನಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ಕಾಲೇಜಿಗೆ ಬಂದ ಮೇಲೆ ಕನ್ನಡ ಕಾದಂಬರಿ ಓದಲು ಶುರು ಮಾಡಿದ ಒಬ್ಬ ತಮ್ಮ. ಇವರಲ್ಲಿ ಕೆಲವರು ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಓದಿದವರು. ಒಂದು ಮಾತು ಸ್ಪಷ್ಟವಾಗಿರಲಿ: ಇದು ವಿದ್ಯಾರ್ಥಿವೇತನಕ್ಕೆ ಷರತ್ತಲ್ಲ. ಬರೆಯದವರ ಹಣ ನಿಲ್ಲುವುದಿಲ್ಲ, ಬರೆದವರಿಗೆ ಹೆಚ್ಚು ಸಿಗುವುದಿಲ್ಲ.

ಈಗ ತಪ್ಪಿನ ವಿಷಯ.

ಕರ್ನಾಟಕದ ಇತಿಹಾಸದ ಪುಸ್ತಕವೊಂದು ಸಾರಾಂಶಕ್ಕಾಗಿ ನಮ್ಮ ಕೈಗೆ ಬಂತು. ದಪ್ಪ ಪುಸ್ತಕ. ನಮ್ಮವರೊಬ್ಬರಿಗೆ ಆ ವಾರ ಮನೆಯಲ್ಲಿ ಮದುವೆ. ಪುಸ್ತಕ ಪೂರ್ತಿ ಓದಲು ಆಗಲಿಲ್ಲ. ಹಿಂಬದಿ ರಟ್ಟಿನ ಮೇಲೆ ಏನಿತ್ತೋ ಅದನ್ನೇ ಸ್ವಲ್ಪ ಬದಲಿಸಿ, ಪ್ರಾಚೀನ ಕಾಲದಿಂದ ಏಕೀಕರಣದವರೆಗಿನ ಇತಿಹಾಸ ಎಂದು ಬರೆದುಕೊಟ್ಟರು. ಉಳಿದವರು ಅದನ್ನು ನೋಡಿದೆವು. ಭಾಷೆ ಚೆನ್ನಾಗಿತ್ತು. ಪುಸ್ತಕ ತೆರೆದು ನೋಡದೆ ಎಲ್ಲರೂ ಸರಿ ಎಂದೆವು. ಹಾಗಾಗಿ ಈ ತಪ್ಪು ಒಬ್ಬರದ್ದಲ್ಲ, ನಮ್ಮೆಲ್ಲರದ್ದು.

ಆ ಪುಸ್ತಕ ಎರಡು ಸಂಪುಟಗಳದ್ದು. ರಟ್ಟಿನ ಮೇಲಿನ ಮಾತು ಎರಡೂ ಸಂಪುಟಗಳಿಗೆ ಸೇರಿದ್ದು. ನಮ್ಮ ಕೈಯಲ್ಲಿದ್ದದ್ದು ಮೊದಲನೆಯದು ಮಾತ್ರ. ಅದು ವಿಜಯನಗರದ ಪತನದೊಂದಿಗೆ, ಅಂದರೆ 1565ಕ್ಕೆ ಮುಗಿಯುತ್ತಿತ್ತು.

ಜಗಳೂರು ತಾಲ್ಲೂಕಿನ ಒಬ್ಬ ಅಕ್ಕ ಪ್ರಥಮ ದರ್ಜೆ ಸಹಾಯಕರ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅವರಿಗೆ ಬೇಕಾಗಿದ್ದು 1799ರ ನಂತರದ ಮೈಸೂರು, ಕಮಿಷನರುಗಳ ಆಡಳಿತ, ಸ್ವಾತಂತ್ರ್ಯ ಹೋರಾಟ, 1956ರ ಏಕೀಕರಣ. ಬೇರೆ ಪುಸ್ತಕಗಳೂ ಪಟ್ಟಿಯಲ್ಲಿದ್ದವು. ನಮ್ಮ ಸಾರಾಂಶ ನಂಬಿ ಅವರು ಇದನ್ನೇ ಆರಿಸಿದರು. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವ ಜಾಗಕ್ಕೆ ತಮ್ಮನನ್ನು ಕರೆದುಕೊಂಡು ಹೋಗಿ ಇಳಿಸಿಕೊಂಡರು. ಆ ಕಡತದಲ್ಲಿ ಅಧ್ಯಾಯಗಳಿಗೆ ಗುರುತು ಹಾಕಿರಲಿಲ್ಲ. ಬೇಕಾದ ಅಧ್ಯಾಯಕ್ಕೆ ಹಾರಲಾಗದೆ ಮುಂದಕ್ಕೆ ಓಡಿಸುತ್ತ, ಕೇಳುತ್ತ, ಈಗ ಬರುತ್ತದೆ ಈಗ ಬರುತ್ತದೆ ಎಂದು ಎರಡು ರಾತ್ರಿ ಕಳೆದರು. ಕೊನೆಗೆ ಪುಸ್ತಕವೇ ಮುಗಿಯಿತು. ಆಗ ಪರೀಕ್ಷೆಗೆ ಉಳಿದಿದ್ದದ್ದು ಹನ್ನೊಂದು ದಿನ.

ಪುಸ್ತಕ ಒದಗಿಸಿದವರ ಮೂಲಕ ವಿಷಯ ನಮಗೆ ತಿಳಿಯಿತು. ನಾವು ಕ್ಷಮೆ ಕೇಳಲು ಫೋನ್ ಮಾಡಿದೆವು. ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ಬೈಯಲಿಲ್ಲ. "ಅಣ್ಣಾ, ನೀವು ಪರಿವಿಡಿ ನೋಡಿದ್ದರೆ ಅರ್ಧ ನಿಮಿಷ ಆಗುತ್ತಿತ್ತು. ಆ ಅರ್ಧ ನಿಮಿಷ ನನ್ನ ಕೈಯಲ್ಲಿ ಆಗಲ್ಲ ಅಂತಲೇ ಅಲ್ವಾ ನೀವು ಇರೋದು?" ಎಂದರು. ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಹಿರಿಯರ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇದು. ನಾಲ್ಕು ಸಾಲಿನಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ನಾಲ್ಕು ತಪ್ಪು ಸಾಲು ಒಬ್ಬರ ಎರಡು ರಾತ್ರಿಯನ್ನು, ಒಂದು ನೌಕರಿಯ ಅವಕಾಶವನ್ನು ಕಸಿದುಕೊಳ್ಳಬಲ್ಲದು. ಹಾಗಿದ್ದ ಮೇಲೆ ಸರಿಯಾದ ನಾಲ್ಕು ಸಾಲಿಗೂ ಅಷ್ಟೇ ತೂಕ ಇರಬೇಕಲ್ಲವೇ?

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಅದೇ ಅಕ್ಕನನ್ನು ನಮ್ಮ ಜೊತೆ ಸೇರಲು ಕೇಳಿಕೊಂಡೆವು. ಪರೀಕ್ಷೆ ಮುಗಿದ ಮೇಲೆ ಒಪ್ಪಿದರು. ಈಗ ನಾವು ಬರೆದ ಪ್ರತಿ ಸಾರಾಂಶವನ್ನೂ ಅವರು ಮೊದಲು ಕೇಳುತ್ತಾರೆ. ಅವರು ಮತ್ತು ನಾವು ಸೇರಿ ಮಾಡಿಕೊಂಡ ಕೆಲವು ನಿಯಮಗಳನ್ನು ಇಲ್ಲಿ ಹೇಳುತ್ತೇವೆ. ಮುಂದೆ ಸೇರುವವರಿಗೆ ಉಪಯೋಗವಾಗಲಿ.

ಮೊದಲನೆಯದು, ಓದದೆ ಬರೆಯಬಾರದು. ಹಿಂಬದಿ ರಟ್ಟಿನಲ್ಲಿ ಇರುವುದು ಪ್ರಕಾಶಕರ ಮಾತು. ಮಾರಾಟಕ್ಕಾಗಿ ಬರೆದದ್ದು, ಹಕ್ಕೂ ಅವರದ್ದೇ. ನಮ್ಮ ಸ್ವಂತ ಮಾತಿನಲ್ಲಿ ಬರೆಯಬೇಕು.

ಎರಡನೆಯದು, ಮೊದಲ ವಾಕ್ಯದಲ್ಲೇ ಇದು ಕಾದಂಬರಿಯೋ, ಕಥೆಗಳೋ, ಜೀವನಚರಿತ್ರೆಯೋ, ಪಠ್ಯಪುಸ್ತಕವೋ ಎಂದು ಹೇಳಬೇಕು. ಕೇಳುವವರು ಮೊದಲ ವಾಕ್ಯಕ್ಕೇ ಮುಂದಿನ ಪುಸ್ತಕಕ್ಕೆ ಹೋಗುವವರಿರುತ್ತಾರೆ. ಅವರ ಸಮಯ ಉಳಿಯಬೇಕು.

ಮೂರನೆಯದು, ಓದಿನ ಪುಸ್ತಕವಾದರೆ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಧ್ಯಾಯ, ಎಷ್ಟನೇ ಸಂಪುಟ, ಯಾವ ವರ್ಷದ ಮುದ್ರಣ ಎಂಬುದನ್ನು ಹೇಳಲೇಬೇಕು. ನಕ್ಷೆ, ಕೋಷ್ಟಕ, ಚಿತ್ರಗಳ ಮೇಲೆ ಪುಸ್ತಕ ನಿಂತಿದ್ದರೆ ಅದನ್ನೂ ತಿಳಿಸಬೇಕು.

ನಾಲ್ಕನೆಯದು, ಕಥೆಯಾದರೆ ಕೊನೆ ಹೇಳಬಾರದು. ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ಕಾದಂಬರಿಗೆ ನಮ್ಮ ತಮ್ಮನೊಬ್ಬ ಅಭ್ಯಾಸಕ್ಕಾಗಿ ಬರೆದ ಮೊದಲ ಸಾರಾಂಶ ಹೀಗಿತ್ತು: "ಕನ್ನಡದ ಶ್ರೇಷ್ಠ ಕಾದಂಬರಿ. ಪ್ರತಿಯೊಬ್ಬರೂ ಓದಲೇಬೇಕಾದ ಅದ್ಭುತ ಕೃತಿ." ಇದನ್ನು ಕೇಳಿದವರಿಗೆ ಏನು ತಿಳಿಯಿತು? ಆಮೇಲೆ ಬರೆದದ್ದು ಹೀಗೆ: "ಮಲೆನಾಡಿನಲ್ಲಿ ನಡೆಯುವ ಕಾದಂಬರಿ. ಮೂಡಿಗೆರೆ ಕಡೆಯ ಒಬ್ಬ ಕೃಷಿಕ ಕಥೆ ಹೇಳುತ್ತಾನೆ. ಕರ್ವಾಲೊ ಎಂಬ ವಿಜ್ಞಾನಿ, ಕಾಡಿನ ಜೀವಿಗಳನ್ನು ಬಲ್ಲ ಮಂದಣ್ಣ ಎಂಬ ಹಳ್ಳಿಯ ಯುವಕ ಮತ್ತು ಅವರ ಸಂಗಡಿಗರು ಅಪರೂಪದ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ನಗು ತರಿಸುವ ಸನ್ನಿವೇಶಗಳಿವೆ, ಭಾಷೆ ಸರಳ." ಓತಿ ಸಿಕ್ಕಿತೋ ಇಲ್ಲವೋ ಎಂದು ಹೇಳಲಿಲ್ಲ. ಅದು ಓದುಗರ ಪಾಲು.

ಐದನೆಯದು, ಬರೆದದ್ದನ್ನು ಕಿವಿಗೆ ಕೊಟ್ಟು ನೋಡಬೇಕು. ಅಂದಕ್ಕೆಂದು ಸಾಲಿನ ಕೊನೆಗೆ ಹಾಕಿದ ಮೂರು ನಕ್ಷತ್ರವನ್ನು ಯಂತ್ರ "ನಕ್ಷತ್ರ, ನಕ್ಷತ್ರ, ನಕ್ಷತ್ರ" ಎಂದು ಓದಬಹುದು. "ಕ್ರಿ.ಶ.", "ಪು.ತಿ.ನ." ಎಂಬಂಥ ಚುಕ್ಕಿ ಇಟ್ಟ ಸಂಕ್ಷೇಪಗಳಲ್ಲಿ ಯಂತ್ರ ತಡವರಿಸುತ್ತದೆ. ವಾಕ್ಯ ಉದ್ದವಾದರೆ ಕೇಳುವವರು ಅರ್ಧದಲ್ಲೇ ದಾರಿ ತಪ್ಪುತ್ತಾರೆ. ಲೇಖಕರ ಹೆಸರು ಎರಡು ರೀತಿಯಲ್ಲಿ ಬಳಕೆಯಲ್ಲಿದ್ದರೆ, ಕುವೆಂಪು ಎಂದೂ ಕೆ.ವಿ. ಪುಟ್ಟಪ್ಪ ಎಂದೂ ಇರುವಂತೆ, ಎರಡನ್ನೂ ಸೇರಿಸಿದರೆ ಹುಡುಕುವವರಿಗೆ ಸಿಗುತ್ತದೆ.

ಆರನೆಯ ನಿಯಮ ಮಾಡಲು ನಮಗೆ ಒಂದಿಡೀ ಸಂಜೆ ಬೇಕಾಯಿತು. ಅದನ್ನೂ ನಿಮ್ಮ ಮುಂದೆ ಇಡಬೇಕು, ಏಕೆಂದರೆ ಆ ಚರ್ಚೆಯಲ್ಲಿ ಇಲ್ಲಿ ಕುಳಿತಿರುವ ಕೆಲವು ಪೋಷಕರೂ ಇದ್ದರು.

ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿಯ ಸಾರಾಂಶ ಬರೆಯುವ ಸರದಿ ಬಂತು. ಕಾಸರಗೋಡಿನವರಾದ ಅವರು 2023ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಸಮುದಾಯದ ಹೆಣ್ಣುಮಕ್ಕಳ ಕಷ್ಟವನ್ನು ಕನ್ನಡದಲ್ಲಿ ಬರೆದವರು. ತಂದೆಯ ಹಠದಿಂದ ಗಂಡನಿಂದ ದೂರವಾಗುವ ನಾದಿರಾ ಎಂಬ ಹೆಣ್ಣುಮಗಳ ಕಥೆ ಅದು. ತಲಾಖ್ ವಿಷಯ ಅದರಲ್ಲಿ ಬರುತ್ತದೆ. ಒಬ್ಬ ಪೋಷಕರು, "ಇದನ್ನು ನಮ್ಮ ಮಕ್ಕಳ ಕೈಯಿಂದ ಏಕೆ ಬರೆಸುತ್ತೀರಿ? ಓದಿದವರು ನಮ್ಮ ಬಗ್ಗೆ ಏನೆಂದುಕೊಂಡಾರು?" ಎಂದು ಕೇಳಿದರು. ಚನ್ನಗಿರಿಯ ನಮ್ಮ ತಂಗಿ, "ನಾನು ಓದಿದ್ದೇನೆ, ಅದರಲ್ಲಿರುವ ಹೆಂಗಸಿನ ದುಃಖ ಸುಳ್ಳಲ್ಲ" ಎಂದಳು. ಒಬ್ಬರು ಕೃತಿಯನ್ನು ಖಂಡಿಸಿ ಸಾರಾಂಶ ಬರೆದು ತಂದರು, ಇನ್ನೊಬ್ಬರು ಹೊಗಳಿ ಬರೆದು ತಂದರು. ತಲಾಖ್ ಎಂಬ ಪದವನ್ನೇ ಬಿಟ್ಟು, ಒಂದು ಕುಟುಂಬದ ಕಥೆ ಎಂದಷ್ಟೇ ಬರೆದರಾಯಿತು ಎಂದು ಮತ್ತೊಬ್ಬರ ಸಲಹೆ.

ಕೊನೆಗೆ ಹೊನ್ನಾಳಿಯ ಮೇಷ್ಟ್ರು ಒಂದು ಮಾತು ಕೇಳಿದರು. ಕಣ್ಣಿರುವವರು ಈ ಪುಸ್ತಕವನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಅದರಲ್ಲಿ ಏನಿದೆ ಎಂದು ಅವರಿಗೆ ತಿಳಿಯುತ್ತದೋ ಇಲ್ಲವೋ? ತಿಳಿಯುತ್ತದೆ. ಬೇಕಾದರೆ ಕೊಳ್ಳುತ್ತಾರೆ, ಬೇಡವಾದರೆ ಇಡುತ್ತಾರೆ. ಹಾಗಾದರೆ ಕಣ್ಣಿಲ್ಲದವರಿಂದ ಮಾತ್ರ ಅದನ್ನು ಮುಚ್ಚಿಡಲು ನಾವು ಯಾರು?

ಸಭೆ ಸುಮ್ಮನಾಯಿತು. ಎಲ್ಲರೂ ಒಪ್ಪಿದರು ಎಂದು ಹೇಳಲಾರೆವು. ಪ್ರಶ್ನೆ ಕೇಳಿದ ಪೋಷಕರಿಗೆ ಇಂದಿಗೂ ಆ ಕಾದಂಬರಿಯ ಬಗ್ಗೆ ಅಸಮಾಧಾನ ಇದೆ, ಅದು ಅವರ ಹಕ್ಕು. ಆದರೆ ಸಾರಾಂಶ ಹೇಗಿರಬೇಕು ಎಂಬುದಕ್ಕೆ ಅವರೂ ಒಪ್ಪಿದರು. ಪುಸ್ತಕದಲ್ಲಿ ಇರುವುದನ್ನು ಇದ್ದ ಹಾಗೆ, ಹೊಗಳದೆ, ತೆಗಳದೆ, ಅಡಗಿಸದೆ ಹೇಳುವುದು. ಮನಸ್ಸಿಗೆ ನೋವಾಗುವಂಥ ಪ್ರಸಂಗಗಳಿದ್ದರೆ ಅದನ್ನೂ ಒಂದು ವಾಕ್ಯದಲ್ಲಿ ತಿಳಿಸುವುದು. ಆಯ್ಕೆ ಓದುಗರದ್ದು. ಇದು ನಮ್ಮ ಆರನೆಯ ನಿಯಮ. ಯಾವ ಧರ್ಮದವರು, ಯಾವ ಪಂಥದವರು ಬರೆದ ಪುಸ್ತಕವಾದರೂ ನಮಗೆ ಇದೇ ನಿಯಮ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಥೆಗಳಲ್ಲಿ ಇರುವುದೂ ನಮ್ಮ ಮನೆಗಳೊಳಗಿನ ಮಾತೇ. ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿ, ಸಾರಾಂಶ ಬರೆಯುವಾಗ ಮುಚ್ಚಿಟ್ಟರೆ ನ್ಯಾಯವಲ್ಲ.

ಹಿರಿಯರ ಎದುರು ಧರ್ಮದ ಮಾತನ್ನು ಹೆಚ್ಚು ಆಡುವ ಅರ್ಹತೆ ನಮಗಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇವೆ. ಅಬ್ದುಲ್ಲಾಹ್ ಇಬ್ನ್ ಉಮ್ಮ್ ಮಕ್ತೂಮ್(ರ) ದೃಷ್ಟಿ ಇಲ್ಲದ ಸಹಾಬಿ. ಕುರ್‌ಆನಿನ 80ನೇ ಅಧ್ಯಾಯ ಅಬಸ ಆರಂಭವಾಗುವುದೇ, ಕಲಿಯಬೇಕೆಂದು ತಾವಾಗಿ ಬಂದ ಅವರ ಪ್ರಸಂಗದಿಂದ ಎಂಬುದು ಇಲ್ಲಿ ಅನೇಕರಿಗೆ ಗೊತ್ತು. ಮುಂದೆ ಅವರು ಬಿಲಾಲ್(ರ) ಅವರಂತೆಯೇ ಮದೀನಾದಲ್ಲಿ ಅಝಾನ್ ಕೊಟ್ಟವರು. ಪ್ರವಾದಿ(ಸ) ಊರಿನಿಂದ ಹೊರಗೆ ಹೋದಾಗ ಮದೀನಾದ ಹೊಣೆ ಹೊತ್ತವರು. ಕಲಿಯಲು ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು ಎಂಬುದು ನಮಗೆ ಅಲ್ಲಿಂದ ಸಿಗುವ ಪಾಠ.

ಈಗ ಕುಟುಂಬಗಳಿಗೆ ಒಂದು ಮನವಿ. ಕಣ್ಣು ಕಾಣದ ಮಗು ಹುಟ್ಟಿದರೆ ನಮ್ಮ ಭಾಗದಲ್ಲಿ ಎರಡು ದಾರಿ ಮಾತ್ರ ನೆನಪಾಗುತ್ತವೆ. ಒಂದು, ಹಾಡು ಕಲಿಸುವುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ನಾಡೇ ಕೈ ಮುಗಿಯುವ ಕೆಲಸ. ಇನ್ನೊಂದು, ನಮ್ಮ ಮನೆಗಳಲ್ಲಿ, ಕೇಳಿ ಕಲಿಯುತ್ತದೆ ಎಂದು ಹಿಫ್ಝ್‌ಗೆ ಸೇರಿಸುವುದು. ಎರಡೂ ಒಳ್ಳೆಯ ದಾರಿಗಳೇ. ಆದರೆ ಆ ಮಗುವಿಗೆ ಲೆಕ್ಕ ಇಷ್ಟವಿರಬಹುದು, ಕಾನೂನು ಓದುವ ಆಸೆಯಿರಬಹುದು, ಮೇಷ್ಟ್ರಾಗುವ ಕನಸಿರಬಹುದು. ಕಾಣುವ ಮಕ್ಕಳಿಗೆ ಹತ್ತು ದಾರಿ ತೆರೆದು, ಈ ಮಗುವಿಗೆ ಎರಡೇ ಸಾಕು ಎನ್ನಬೇಡಿ.

ಮನೆಯಲ್ಲಾಗಲಿ, ಓಣಿಯಲ್ಲಾಗಲಿ, ಯಾವ ಜಾತಿ ಧರ್ಮದವರೇ ಆಗಲಿ, ದೃಷ್ಟಿಯ ತೊಂದರೆಯಿಂದ ಓದು ಬಿಟ್ಟ ಮಗು ಇದ್ದರೆ ಟ್ರಸ್ಟಿನ ನಿಮ್ಮ ತಾಲ್ಲೂಕಿನ ಪ್ರತಿನಿಧಿಗೆ ತಿಳಿಸಿ. ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಗ್ರಂಥಾಲಯದ ಸದಸ್ಯತ್ವಕ್ಕೂ ಅದೇ ಆಧಾರ, ಸರ್ಕಾರದ ಸೌಲಭ್ಯಗಳಿಗೂ ಅದೇ ಆಧಾರ. ಅರ್ಜಿ ತುಂಬಲು ನಮ್ಮವರು ಜೊತೆಗೆ ಕೂರುತ್ತಾರೆ. ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನಲ್ಲೇ ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಹೋಗಿ ಅದನ್ನು ಚಾಲೂ ಮಾಡಬೇಕು. ಒಂದು ರೂಪಾಯಿ ಖರ್ಚಿಲ್ಲ. ಸಭೆ ಮುಗಿದ ಮೇಲೆ ಬಾಗಿಲ ಪಕ್ಕದ ಮೇಜಿನ ಬಳಿ ಬಂದರೆ ಹೇಗೆ ಬಳಸುವುದು ಎಂದು ತೋರಿಸುತ್ತೇವೆ.

ದಾನಿಗಳಲ್ಲಿ ನಮ್ಮ ಕೋರಿಕೆ ಸಣ್ಣದು. ಮನೆಯಲ್ಲಿ ಓದಿ ಇಟ್ಟಿರುವ ಕನ್ನಡ ಪುಸ್ತಕಗಳನ್ನು ಕೊಡಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಾದರೆ ಇತ್ತೀಚಿನ ಮುದ್ರಣ ಇರಲಿ. ಹಣ ಕೊಡುವವರು ವಿದ್ಯಾರ್ಥಿವೇತನ ನಿಧಿಗೇ ಕೊಡಿ, ಅದರ ಅಗತ್ಯ ಹೆಚ್ಚು. ನಮಗೆ ಬೇಕಾಗಿರುವುದು ಮುಖ್ಯವಾಗಿ ನಿಮ್ಮ ಸಮಯ. ವಾರಕ್ಕೆ ಎರಡು ಗಂಟೆ ಓದಬಲ್ಲ, ನಾಲ್ಕು ಸಾಲು ಕನ್ನಡ ತಪ್ಪಿಲ್ಲದೆ ಬರೆಯಬಲ್ಲ ಯಾರಾದರೂ ಸೇರಬಹುದು.

ಮಕ್ಕಳಿಗೆ ಕೊನೆಯ ಮಾತು. ಈ ಕೆಲಸದಿಂದ ನಿಮಗೇನು ಲಾಭ ಎಂದರೆ, ಪುಸ್ತಕ ಓದಿ ಅದರ ತಿರುಳನ್ನು ನಾಲ್ಕು ಸಾಲಿನಲ್ಲಿ ಹೇಳಲು ಕಲಿಯುತ್ತೀರಿ. ಉರ್ದು ಮಾಧ್ಯಮದಿಂದ ಬಂದ ನಮ್ಮ ಜಗಳೂರಿನ ತಮ್ಮ ಮೊದಲ ಸಾರಾಂಶ ಬರೆಯಲು ಒಂಬತ್ತು ದಿನ ತೆಗೆದುಕೊಂಡ. ಈಗ ಎರಡು ದಿನ ಸಾಕು. ಅಕ್ಕನಿಗೆ ಕಳಿಸಿದರೆ ಈಗಲೂ ಒಂದೆರಡು ತಪ್ಪು ಹಿಡಿಯುತ್ತಾರೆ. ಕಳೆದ ವಾರ ಕಳಿಸಿದ್ದನ್ನು ಮಾತ್ರ ಅವರು ತಿದ್ದಲಿಲ್ಲ. ಕೇಳಿ ಆದ ಮೇಲೆ, "ಈ ಪುಸ್ತಕ ನನಗೆ ಬೇಕು, ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಆ ಇತಿಹಾಸ ಪುಸ್ತಕದ ಸಾರಾಂಶವನ್ನು ನಾವು ತಿದ್ದಿ ಕಳಿಸಿದ್ದೇವೆ. ಮೊದಲ ವಾಕ್ಯದಲ್ಲೇ "ಇದು ಮೊದಲ ಸಂಪುಟ, 1565ರವರೆಗೆ ಮಾತ್ರ" ಎಂದು ಈಗ ಇದೆ. ಎರಡನೆಯ ಸಂಪುಟವನ್ನು ಕೊಂಡು ಓದುತ್ತಿದ್ದೇವೆ. ಇನ್‌ಶಾ ಅಲ್ಲಾಹ್, ಮುಂದಿನ ಸಭೆಯೊಳಗೆ ಅದರ ಸಾರಾಂಶವೂ ಸಿದ್ಧವಾಗುತ್ತದೆ.